ಬನ್ನಿ, ಕೂತ್ಕೊಂಡು ಹೋಗಿ

ಕೋಟೆ ಬೀದಿ, ಶಿರಾ
7-9-1964

ಲೇ ಕದಿರಯ್ಯ,

ನಾನು ಮುಕ್ಕಾಲು ಕ್ಷೇಮ. ಮಿಕ್ಕ ಕಾಲು ಮಂಡಿ ಹತ್ತಿರ ನೋಯುತ್ತೆ. ನೀನು ಪೂರ್ತಿ ಕ್ಷೇಮ ಅಂತಲೇ ಅಂದುಕೊಂಡಿದ್ದೀನಿ. ಗಾಡಿ ಮಾಡುವವನು ಗಾಡಿಯಷ್ಟಾದರೂ ಗಟ್ಟಿಯಾಗಿರಬೇಕು ತಾನೆ?

ನನ್ನ ಸುದ್ದಿ ಕೇಳು. ಲಾರಿ ಬಿಟ್ಟು ವರ್ಷವಾಗುತ್ತಾ ಬಂತು. ಕಣ್ಣು ಮಂಜಾಯಿತು ಅಂತ ಲೈಸೆನ್ಸು ಹೊಸದು ಮಾಡಿಕೊಡಲಿಲ್ಲ. ಇಷ್ಟು ವರ್ಷ ಕೂತುಕೊಂಡೇ ಊರೂರು ಸುತ್ತಿದವನು ಈಗ ಕೂತಲ್ಲೇ ಕೂತಿದ್ದೀನಿ. ಮಗ ಬಂದು "ಅಬ್ಬಾ, ನೀವು ಸುಮ್ನೆ ಕೂತ್ಕಳಿ" ಅಂತಾನೆ. ಅವನು ಹೋದ ಮೇಲೆ ಸೊಸೆ ಬಂದು "ಅಬ್ಬಾ, ಕೂತ್ಕಳಿ, ಚಾ ತತ್ತೀನಿ" ಅಂತಾಳೆ. ಅಬ್ಬಬ್ಬಾ, ಸಾಕಾಗಿಹೋಗಿದೆ. ಪೂನಾ ರಸ್ತೆಯಲ್ಲಿ ಲಾರಿ ಹಾರ್ನ್ ಕೇಳಿದರೆ ನನ್ನ ಬಲಗಾಲು ಈಗಲೂ ತಾನಾಗಿ ನೆಲ ಒತ್ತುತ್ತೆ. ನೆಲ ಮಾತ್ರ ಮುಂದಕ್ಕೆ ಹೋಗಲ್ಲ.

ಮೊನ್ನೆ ಗ್ಯಾರೇಜಿನ ಹಿಂದೆ ಒಂದು ತಮಾಷೆ ಕಂಡೆ. ಲಾರಿಯಿಂದ ಬಿಚ್ಚಿ ಬಿಸಾಡಿದ ಹಳೇ ಬೇರಿಂಗುಗಳನ್ನು ಹುಡುಗರು ಹಲಗೆಗೆ ಸಿಕ್ಕಿಸಿಕೊಂಡು, ಅದರ ಮೇಲೆ ಕೂತು ಇಳಿಜಾರಲ್ಲಿ ಗರ್ರನೆ ಹೋಗುತ್ತಿದ್ದರು. ನಾನೂ ಒಂದು ಸಲ ಕೂತೆ. ಕದಿರಯ್ಯ, ನಗಬೇಡ, ನೆಲ ಮುಂದಕ್ಕೆ ಹೋಯಿತು. ಆಮೇಲೆ ಹಲಗೆ ಮಧ್ಯಕ್ಕೆ ಸೀಳಿ ನಾನು ಒಂದು ಕಡೆ, ಪಂಚೆ ಒಂದು ಕಡೆ.

ಅಲ್ಲೇ ಬಿದ್ದುಕೊಂಡೇ ತೀರ್ಮಾನ ಮಾಡಿದೆ. ಅಂಗಡಿ ಇಡ್ತೀನಿ. ಗಟ್ಟಿ ಹಲಗೆ, ಒಳ್ಳೇ ಬೇರಿಂಗು. ಮಾರೋದು, ಬಾಡಿಗೆಗೆ ಕೊಡೋದು, ಎರಡೂ. ಕೋಟೆ ಬೀದಿಯಲ್ಲಿ ಜೈನಾಬಿ ಆಪಾ ಮನೆಯ ಮುಂದುಗಡೆ ಕಲ್ಲಿನ ಕೋಣೆ ಖಾಲಿ ಇದೆ. ನವಾಬರ ಕಾಲದ ಚಪ್ಪಡಿ ಬೀದಿ, ಬಾಗಿಲ ಮುಂದೆಯೇ ಇಳಿಜಾರು. ಆದರೆ ಕಡಲೆಕಾಯಿ ಮಂಡಿ ಲಕ್ಷ್ಮಯ್ಯ ಮೂಟೆ ಇಡೋಕೆ ಅದೇ ಕೋಣೆ ಕೇಳುತ್ತಿದ್ದಾನೆ. ಆಪಾ ನನಗೆ ಗಡುವು ಕೊಟ್ಟಿದ್ದಾಳೆ. ಡಿಸೆಂಬರ್ ಮೊದಲನೇ ಶುಕ್ರವಾರದೊಳಗೆ ಅಂಗಡಿ ತೆರೆಯದಿದ್ದರೆ ಕೋಣೆ ಮೂಟೆಗೆ, ನಾನು ಮೂಲೆಗೆ.

ಹಲಗೆ ನೀನೇ ಮಾಡಬೇಕು. ಬೇರಿಂಗಿನ ಚೀಲ ನಿಯಾಜ್ ಲಾರಿಯಲ್ಲಿ ಬರುತ್ತೆ. ನನ್ನ ಕ್ಲೀನರ್ ಆಗಿದ್ದನಲ್ಲ, ಅದೇ ನಿಯಾಜ್ ಅಹಮದ್. ಈಗ ಅವನೇ ಡ್ರೈವರ್.

ಈ ಕಾಗದಕ್ಕೆ ಸ್ಟ್ಯಾಂಪು ಹಚ್ಚಿಲ್ಲ. ಸ್ಟ್ಯಾಂಪಿಲ್ಲದ್ದಕ್ಕೆ ಪೋಸ್ಟಿನವರು ಬೇರಿಂಗ್ ಅಂತಾರಲ್ಲ, ಬೇರಿಂಗ್ ವಿಚಾರದ ಕಾಗದ ಬೇರಿಂಗಲ್ಲೇ ಬರಲಿ ಅಂತ.

ಕೂತು ಕೂತು ಸವೆದ
ಬಾಷಾ

*

ವೈ.ಎನ್.ಹೊಸಕೋಟೆ
15-9-1964

ಬಾಷಾ ಸಾಬರಿಗೆ,

ನಿನ್ನ ಕಾಗದಕ್ಕೆ ಪೋಸ್ಟಿನವನು ನನ್ನ ಹತ್ತಿರ ಎರಡರಷ್ಟು ವಸೂಲು ಮಾಡಿದ. ಓದಿದ ಮೇಲೆ ಅವನಿಗೇ ವಾಪಸು ಕೊಡೋಣ ಅನ್ನಿಸಿತು.

ಬೇರಿಂಗಿನ ಚೀಲ ಬಂತು. ನಮ್ಮ ಮನೆಯವಳು ರಾಮಾಂಜಿನಮ್ಮ ಇಳಿಸಿಕೊಂಡಳು. ಹಲಗೆ ಮಾಡಿಕೊಡುತ್ತೇನೆ. ಈಗ ಗಾಡಿ ಕೆಲಸ ಇಲ್ಲ. ಎಲ್ಲರಿಗೂ ರಬ್ಬರ್ ಟೈರಿನ ಗಾಡಿ ಬೇಕು. ನನಗೂ ಬೆನ್ನು ಸ್ವಲ್ಪ ಹಿಡಿದುಕೊಂಡಿದೆ, ಹೊರಗೆ ಹೆಚ್ಚು ಓಡಾಡುವುದಿಲ್ಲ. ಕೂತು ಮಾಡುವ ಕೆಲಸವಾದರೆ ಆದೀತು.

ಬೇವಿನ ಹಲಗೆ ಹಾಕುತ್ತೇನೆ, ಅಚ್ಚಿಗೆ ಜಾಲಿ. ನಿನ್ನಂಥವನು ಕೂತರೂ ಸೀಳುವುದಿಲ್ಲ. ನನ್ನ ಪದ್ಧತಿ ನಿನಗೆ ಗೊತ್ತಿದೆ. ಹೊಸ ಗಾಡಿಯಲ್ಲಿ ಮೊದಲು ನಾನು ಕೂತು ಓಡಿಸಿ ನೋಡದೆ ಯಾರಿಗೂ ಕೊಟ್ಟವನಲ್ಲ. ಚಕ್ರ ಕಳಚಿದರೆ ಮಾಡಿದವನು ಬೀಳಬೇಕು, ಕೊಂಡವನಲ್ಲ. ಹಲಗೆಗೂ ಅದೇ.

ಒಂದು ಮಾತು. ನಿಯಾಜ್ ಲಾರಿಯನ್ನು ಬೀದಿಯಲ್ಲೇ ನಿಲ್ಲಿಸಲಿ. ಒಳಗೆ ಬರುವುದು ಬೇಡ. ನಮ್ಮ ನಾಯಿ ಕಚ್ಚುತ್ತದೆ.

ಕದಿರಯ್ಯ

*

ಶಿರಾ
5-10-1964

ಲೇ ಕದಿರಯ್ಯ,

ಹಲಗೆಗಳು ಬಂದವು. ಅವನ್ನು ನೋಡಿ ಹಲ್ಲಿಲ್ಲದ ಬಾಯಲ್ಲಿ ಹಲಗೆ ಹಲಗೆ ಅಂತ ಹಾಡುತ್ತಾ ಬೀದಿಯೆಲ್ಲ ಸುತ್ತಿದೆ. ಕೈಯಿಟ್ಟು ಸವರಿದರೆ ಒಂದು ಚಕ್ಕೆ ಚುಚ್ಚಲ್ಲ. ಆದರೆ ದೂರು ಇದೆ.

ಹಲಗೆ ಅಡಿಯೆಲ್ಲ ಗೀಚಿಹೋಗಿದೆ. ಒಂದೊಂದರ ಬೇರಿಂಗಿಗೂ ಮಣ್ಣು ಮೆತ್ತಿದೆ. ಮೊದಲು ಕೂತು ನೋಡ್ತೀನಿ ಅಂದೆ, ಸರಿ. ಹೊಸಕೋಟೆಯಿಂದ ಪಾವಗಡಕ್ಕೆ ಹೋಗಿ ಬಂದೆಯೇನೋ? ಒಂದು ಹಲಗೆಗೆ ಚರ್ಮದ ಪಟ್ಟಿ ಹೊಡೆದಿದ್ದೀಯ, ಸೊಂಟಕ್ಕೆ ಬಿಗಿಯೋಕೆ ಇದ್ದ ಹಾಗೆ. ಮೂಟೆ ಕಟ್ಟೋಕಾ? ಜೊತೆಗೆ ಇಸ್ತ್ರಿ ಪೆಟ್ಟಿಗೆ ಥರ ಹಿಡಿಯಿರೋ ಎರಡು ಮರದ ತುಂಡು ಬಂದಿವೆ. ಏನೆಂದು ತಿಳಿಯಲಿಲ್ಲ. ಸದ್ಯಕ್ಕೆ ಆ ಕಲ್ಲಿನ ಕೋಣೆಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಒತ್ತು ಕೊಟ್ಟಿದ್ದೀನಿ.

ನಿನ್ನ ನಾಯಿ ಯಾವಾಗ ಬಂತು? ನಿಯಾಜ್ ಅಷ್ಟು ಹೊತ್ತು ನಿಂತಿದ್ದನಂತೆ, ಒಂದು ಬೊಗಳು ಕೇಳಲಿಲ್ಲವಂತೆ. ಮೂಗನಾಯಿ ಸಾಕಿದ್ದೀಯಾ?

ಈಗ ಮುಖ್ಯವಾದ ಮಾತು. ಜೈನಾಬಿ ಆಪಾ ಹಲಗೆ ನೋಡಿ ಮುಖ ಸಿಂಡರಿಸಿದಳು. "ಏ ಬಾಷಾ, ಬೀದಿ ಮಕ್ಳು ಬಿದ್ದು ಹಲ್ಲು ಮುರ್ಕಂಡ್ರೆ ಯಾರು ಕಟ್ಟುಸ್ಕೊಡ್ತಾರೆ? ನಿನ್ ಬಾಯಾಗೇ ಒಂದೂ ಇಲ್ಲ" ಅಂದಳು. ನಾನು ಜಂಬದಲ್ಲಿ ನಿನ್ನ ಪದ್ಧತಿ ಹೇಳಿಬಿಟ್ಟೆ. ಮಾಡಿದವನೇ ಮೊದಲು ಕೂರ್ತಾನೆ ಆಪಾ, ಅಂಥ ಕೈಯಿಂದ ಬಂದ ಮಾಲು ಇದು ಅಂದೆ. ಅವಳು ಆ ಮಾತನ್ನೇ ಹಿಡಿದುಕೊಂಡಳು. "ಅಂಗಾದ್ರೆ ಬರ್ಲಿ. ನನ್ ಕಣ್ಮುಂದೆ ಈ ಇಳಿಜಾರಾಗೆ ಅವನೇ ಕೂತು ಇಳೀಲಿ. ಆಮ್ಯಾಕೆ ಬೀಗದ ಕೈ ಕೊಡ್ತೀನಿ. ಇಲ್ದಿದ್ರೆ ಲಕ್ಷ್ಮಯ್ಯನ ಮೂಟೇನೇ ವಾಸಿ, ಬಿದ್ರೂ ಅಳಾಕಿಲ್ಲ."

ಆದ್ದರಿಂದ ನೀನು ಬರಬೇಕು. ನಿಯಾಜ್ ಲಾರಿಯಲ್ಲಿ ಮುಂದಿನ ಸೀಟು ನಿನ್ನದೇ. ನಮ್ಮ ಬಸ್‌ಸ್ಟ್ಯಾಂಡಲ್ಲಿ ಕಾಲಿಲ್ಲದವನೊಬ್ಬ ಹಲಗೆ ಮೇಲೆ ಕೂತು ತಟ್ಟೆ ಅಲ್ಲಾಡಿಸ್ತಾನಲ್ಲ, ನೀನು ಬಂದರೆ ಅವನ ಪಕ್ಕ ಕೂರಿಸಿ ಪಂದ್ಯ ಕಟ್ತೀನಿ. ಯಾರು ಮುಂದೆ ಹೋಗ್ತೀರೋ ನೋಡೋಣ.

ಬೋರ್ಡು ಬರೆಸೋಕೆ ಕೊಟ್ಟಿದ್ದೀನಿ. "ಬನ್ನಿ, ಕೂತ್ಕೊಂಡು ಹೋಗಿ." ಹೆಂಗೆ? ಮನೆಗೆ ಬಂದವರಿಗೆ ಎಲ್ಲರೂ ಹೇಳೋ ಮಾತೇ. ನನ್ನ ಅಂಗಡಿಯಲ್ಲಿ ಮಾತ್ರ ನಿಜವಾಗಿ ಕೂತುಕೊಂಡೇ ಹೋಗಬಹುದು.

ಬಾಷಾ

*

ವೈ.ಎನ್.ಹೊಸಕೋಟೆ
12-10-1964

ಬಾಷಾ ಸಾಬರಿಗೆ,

ನಾನು ಬರಲಾಗುವುದಿಲ್ಲ. ಬೇರೆ ಯಾರನ್ನಾದರೂ ಕೂರಿಸು. ಹಲಗೆ ಚೆನ್ನಾಗಿಲ್ಲ ಅನ್ನಿಸಿದರೆ ವಾಪಸು ಕಳಿಸು, ಒಲೆಗಾದರೂ ಆಗುತ್ತವೆ.

ನಾಯಿ ಈಗಿಲ್ಲ.

ಕದಿರಯ್ಯ

*

ಶಿರಾ
3-11-1964

ಏನಯ್ಯಾ ದೊಡ್ಡ ಮನುಷ್ಯ,

ನೀನು ಬರಲ್ಲ ಅಂದ ಮೇಲೆ ಇದು ಮೂರನೇ ಕಾಗದ. ಮೊದಲಿನ ಎರಡಕ್ಕೆ ಉತ್ತರ ಇಲ್ಲ. ಅವಕ್ಕೂ ಸ್ಟ್ಯಾಂಪು ಹಚ್ಚಿರಲಿಲ್ಲ; ನೀನು ಬಿಡಿಸಿಕೊಳ್ಳದೆ ವಾಪಸು ಮಾಡಿದ್ದೀಯ. ನನ್ನದೇ ಕಾಗದಕ್ಕೆ ನಾನೇ ದಂಡ ಕಟ್ಟಿ ಓದಿಕೊಂಡೆ. ಚೆನ್ನಾಗಿ ಬರೆದಿದ್ದೀನಿ.

ನೀನಿಲ್ಲದೆ ಕೆಲಸ ಮುಗಿಸೋಣ ಅಂತ ಹೊರಟೆ. ನಿಯಾಜ್ ತಲೆಗೆ ರುಮಾಲು ಸುತ್ತಿ, ಹಣೆಗೆ ನಾಮ ಎಳೆದು, ಒಂದು ಮೀಸೆ ಅಂಟಿಸಿ, "ಆಪಾ, ಇವರೇ ಹೊಸಕೋಟೆ ಕದಿರಯ್ಯನೋರು" ಅಂತ ಕರಕೊಂಡು ಹೋದೆ. ಅವನು ಹಲಗೆ ಮೇಲೆ ಕೂತ, ಇಳಿದ, ಚೆನ್ನಾಗೇ ಇಳಿದ. ಕೆಳಗೆ ಹೋಗಿ ಎದ್ದು ನಿಂತಾಗ ಮೀಸೆ ಇರಲಿಲ್ಲ. ಆಪಾ ಚಪ್ಪಡಿ ಮೇಲಿಂದ ಅದನ್ನು ಕಡ್ಡಿಯಲ್ಲಿ ಎತ್ತಿ, "ತಗಳಪ್ಪ ಕದಿರಯ್ಯ, ನಿಂದು ಬಿದ್ದೋಗೈತೆ. ಮನೆಗೋದ್ಮ್ಯಾಲೆ ನಿಮ್ಮಮ್ಮಂಗೆ ಸಲಾಂ ಹೇಳು" ಅಂದಳು. ನಿಯಾಜ್ ಹುಟ್ಟಿದಾಗ ಎಣ್ಣೆ ನೀರು ಹಾಕಿದವಳೇ ಅವಳಂತೆ. ಈ ನನ್ಮಗ ಮೊದಲೇ ಹೇಳಬಾರದಾ?

ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಇವತ್ತು ಲಕ್ಷ್ಮಯ್ಯ ಬಂದು ಗೋಡೆಗೆ ಮೊಳ ಹಾಕಿ ಅಳೆಯುತ್ತಿದ್ದ. ಎಷ್ಟು ಮೂಟೆ ಹಿಡಿಯುತ್ತೆ ಅಂತ. ಬಾಗಿಲಿಗೆ ಒತ್ತು ಕೊಟ್ಟಿದ್ದ ನಿನ್ನ ಮರದ ತುಂಡನ್ನು ಕಾಲಲ್ಲಿ ಒದ್ದ. ನನಗೆ ನಗು ಬರಲಿಲ್ಲ.

ಮನೆಗೆ ಹೋದರೆ ಕೂತ್ಕಳಿ ಅಂತಾರೆ. ಬೀದಿಗೆ ಬಂದರೆ ಕಾಲು ನಿಲ್ಲಲ್ಲ. ಮಸೀದಿ ಮುಂದಿಂದ ಹೆದ್ದಾರಿಗೆ, ಹೆದ್ದಾರಿಯಿಂದ ಕೋಟೆಗೆ, ಬೋನಿಗೆ ಹಾಕಿದ ಇಲಿ ಹಾಗೆ ಆಡ್ತಿದ್ದೀನಿ. ನಿನಗೇನಾಗಿದೆ ಕದಿರಯ್ಯ? ಎತ್ತಿನ ಗಾಡಿ ಮಾಡಿದ ಕೈಗೆ ಆಟದ ಹಲಗೆ ನಾಚಿಕೆಯಾಯಿತಾ? ಊರವರ ಮುಂದೆ ಹಲಗೆ ಮೇಲೆ ಕೂತರೆ ಮರ್ಯಾದೆ ಹೋಗುತ್ತಾ? ನಿನ್ನ ಕಾಲು ಹಿಡಿದು ಕೇಳ್ತೀನಿ, ಬಾ.

ಬಾಷಾ

*

ಶಿರಾ
16-11-1964

ಮಹಾರಾಜಶ್ರೀ ಕದಿರಯ್ಯನವರಿಗೆ, ಡ್ರೈವರ್ ನಿಯಾಜ್ ಅಹಮದ್ ಮಾಡುವ ಸಲಾಮು.

ತಿಳಿಸೋಕೆ ಬಹಳ ದುಃಖ ಆಗುತ್ತದೆ. ನಮ್ಮ ಉಸ್ತಾದ್ ಬಾಷಾ ಸಾಬ್ ಅವರು ನಿನ್ನೆ ಸಾಯಂಕಾಲ ತೀರಿಕೊಂಡರು. ಬಹಳ ಒಳ್ಳೆಯವರು. ಅಂಥವರು ಶಿರಾದಲ್ಲಿ ಇನ್ನೊಬ್ಬರಿಲ್ಲ, ತುಮಕೂರಲ್ಲೂ ಇಲ್ಲ. ಕೊನೆ ಉಸಿರಲ್ಲಿ "ಕದಿರಯ್ಯ ಬರಲಿಲ್ಲವಲ್ಲ" ಅಂದರು. ಆಮೇಲೆ ಚಾ ಕೇಳಿದರು. ಕುಡಿದು ಕಣ್ಣು ಮುಚ್ಚಿದರು. ಕೂತ್ಕೊಂಡೇ ಹೋಗಿಬಿಟ್ಟರು.

ತಾವು ಕೂಡಲೇ ಹೊರಟು ಬಂದರೆ ಅವರ ಆತ್ಮಕ್ಕೆ ಶಾಂತಿ. ಬರುವಾಗ ಇನ್ನು ನಾಲ್ಕು ಹಲಗೆ ತರುವುದು.

ನಿಯಾಜ್ ಅಹಮದ್

*

ವೈ.ಎನ್.ಹೊಸಕೋಟೆ
20-11-1964

ದಿವಂಗತ ಬಾಷಾ ಸಾಬರಿಗೆ,

ನೀನು ತೀರಿಕೊಂಡ ಸುದ್ದಿ ತಲುಪಿತು. ಸತ್ತ ಮೇಲೂ ನಿನ್ನ ಅಕ್ಷರ ಬಲಕ್ಕೇ ವಾಲುತ್ತದೆ. ಕಾಗದ ಬೇರಿಂಗಲ್ಲೇ ಬಂತು. ಅಲ್ಲಿಗೆ ಹೋದ ಮೇಲೂ ನಿನಗೆ ಸ್ಟ್ಯಾಂಪು ಸಿಗಲಿಲ್ಲ.

ಆದರೆ ಮೊದಲನೇ ಸಾಲು ಓದಿದ ಗಳಿಗೆ ನಾನು ನಂಬಿಬಿಟ್ಟೆ. ಎದ್ದು ಓಡಬೇಕು ಅನ್ನಿಸಿತು. ಅದಕ್ಕೆ ನಿಜ ಬರೆಯುತ್ತಿದ್ದೇನೆ. ನೀನು ಸತ್ತಿದ್ದು ಸುಳ್ಳು. ನನ್ನ ಕಾಲು ಸತ್ತಿರುವುದು ನಿಜ.

ಕಳೆದ ಸಂಕ್ರಾಂತಿಯ ಹೊತ್ತಿಗೆ ಪೆದ್ದಣ್ಣನಿಗೆ ರಬ್ಬರ್ ಟೈರಿನ ಗಾಡಿ ಮಾಡಿದೆ. ನಾನು ಮಾಡಿದ ಮೊದಲ ಟೈರಿನ ಗಾಡಿ ಅದು. ಪದ್ಧತಿಯಂತೆ ನಾನೇ ಕೂತು ಕೆರೆ ಏರಿ ಮೇಲೆ ಹೊಡೆದೆ. ಅಚ್ಚು ಸರಿಯಾಗಿ ಕೂತಿರಲಿಲ್ಲ. ಒಂದು ಚಕ್ರ ಕಳಚಿ ಗಾಡಿ ಏರಿಯಿಂದ ಮಗುಚಿತು. ಎತ್ತುಗಳಿಗೆ ಏನೂ ಆಗಲಿಲ್ಲ. ನನಗೆ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಬೆಂಗಳೂರಿನ ಡಾಕ್ಟರು ನೋಡಿ, ಇನ್ನು ಇಷ್ಟೇ ಅಂದರು. ನೀನು ಮುಕ್ಕಾಲು ಕ್ಷೇಮ ಅಂತ ಬರೆದಿದ್ದೆ. ನಿನ್ನ ಲೆಕ್ಕದಲ್ಲಿ ನಾನು ಅರ್ಧ.

ನಾಯಿ ಇರಲೇ ಇಲ್ಲ. ನಿಯಾಜ್ ಒಳಗೆ ಬಂದು ನೋಡಬಾರದು ಅಂತ ಹೇಳಿದೆ. ಬಿದ್ದ ಗಾಡಿ ನಾನು ಮಾಡಿದ್ದು. ಅದು ನಿನ್ನ ಕಿವಿಗೆ ಬೀಳುವುದು ಬೇಡವಾಗಿತ್ತು.

ನಿನ್ನ ಬೇರಿಂಗಿನ ಚೀಲ ಬಂದ ದಿನ ಮೊದಲನೇ ಹಲಗೆ ಮಾಡಿ ಕೂತೆ. ಮಂಚದಿಂದ ಒಲೆಯವರೆಗೆ ಹೋದೆ. ಅಲ್ಲಿಂದ ಹಿತ್ತಿಲಿಗೆ. ಅಷ್ಟು ತಿಂಗಳಾದ ಮೇಲೆ ಯಾರೂ ಎತ್ತದೆ ಹೋದೆ. ರಾಮಾಂಜಿನಮ್ಮ ರೊಟ್ಟಿ ಕರಕಲಾಗುವವರೆಗೆ ನೋಡುತ್ತಾ ನಿಂತಿದ್ದಳು. ಹಲಗೆ ಅಡಿಯ ಗೀಚೆಲ್ಲ ನಮ್ಮ ಹಿತ್ತಿಲಿನದು. ಚರ್ಮದ ಪಟ್ಟಿ ನನ್ನ ಸೊಂಟಕ್ಕೆ. ಬಾಗಿಲಿಗೆ ಒತ್ತು ಕೊಟ್ಟಿದ್ದೀಯಲ್ಲ, ಆ ಮರದ ತುಂಡು ಕೈಯಲ್ಲಿ ಹಿಡಿದು ನೆಲ ನೂಕುವುದಕ್ಕೆ. ಆ ಹಲಗೆಯ ಜೊತೆಯಲ್ಲಿ ತಪ್ಪಿ ಬಂದಿವೆ. ಆಮೇಲೆ ಬೇರೆ ಮಾಡಿಕೊಂಡೆ.

ನಿನ್ನ ಅಂಗಡಿಗೆ ಬರಬೇಕು ಅಂತಲೇ ಇತ್ತು. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನವನ ಪಕ್ಕ ಕೂರಿಸುತ್ತೇನೆ ಅಂತ ನೀನು ಬರೆದೆ. ನಾನು ಹಾಗೆಯೇ ಕಾಣುತ್ತೇನೆ ಬಾಷಾ. ಅದನ್ನು ನೀನು ಹೇಳಬೇಕಾಗಿರಲಿಲ್ಲ.

ಕದಿರಯ್ಯ

*

ಶಿರಾ
24-11-1964

ಕದಿರಯ್ಯ,

ಸ್ಟ್ಯಾಂಪು ಹಚ್ಚಿದ್ದೀನಿ.

ನಿನ್ನ ಕಾಗದ ಓದಿ ಎರಡು ದಿನ ಹೊರಗೆ ಹೋಗಲಿಲ್ಲ. ಸೊಸೆ ಕೂತ್ಕಳಿ ಅನ್ನೋ ಮೊದಲೇ ಕೂತಿದ್ದೆ. ಆ ತುಂಡುಗಳನ್ನು ಬಾಗಿಲಿಂದ ತೆಗೆದು, ಒರೆಸಿ, ಪೆಟ್ಟಿಗೆಯಲ್ಲಿ ಇಟ್ಟಿದ್ದೀನಿ.

ಅಂಗಡಿ ಬೇಡ. ಕೋಣೆ ಲಕ್ಷ್ಮಯ್ಯನಿಗೆ ಬಿಡಿ ಅಂತ ಆಪಾಗೆ ಹೇಳಿಬಿಡ್ತೀನಿ. ಶುಕ್ರವಾರ ಕಳೆದ ಮೇಲೆ ನಾನೇ ಅಲ್ಲಿಗೆ ಬರ್ತೀನಿ. ನಾಯಿ ಇಲ್ಲವಲ್ಲ.

ಬಾಷಾ

*

ವೈ.ಎನ್.ಹೊಸಕೋಟೆ
28-11-1964

ಬಾಷಾ,

ಆಪಾಗೆ ಏನೂ ಹೇಳಬೇಡ. ನಾನು ಬರುತ್ತೇನೆ.

ನಿನ್ನ ಕಾಗದ ರಾಮಾಂಜಿನಮ್ಮನಿಗೆ ಓದಿ ಹೇಳಿದೆ. ಅವಳು ಅಂದದ್ದು ಇದು: "ಸರ್ಲೇ, ನೀನು ಇಲ್ಲಿ ಕೋಳಿಗಳ ಮುಂದೆ ಮಾಡೋ ಸವಾರೀನ ಶಿರಾದೋರು ನೋಡಿದ್ರೆ ಏನು ಸವೆದೋಯ್ತದಾ? ಆ ಸಾಬಿ ಪಾಪ ಹೂಡಿರೋ ಅಂಗಡಿ ಮುಚ್ಚುಸ್ಬುಟ್ಟು ನೀನು ಇಲ್ಲಿ ಹೆಂಗೆ ಉಣ್ತೀಯ?" ಅವಳು ನಿನ್ನನ್ನು ಪಾಪ ಅಂದಳು. ನಿನ್ನನ್ನು ಇನ್ನೂ ಸರಿಯಾಗಿ ಕಂಡಿಲ್ಲ.

ಮೂರು ಕರಾರು. ನನ್ನನ್ನು ಲಾರಿಯಿಂದ ನಿಯಾಜ್ ಇಳಿಸಬಹುದು, ಆಮೇಲೆ ಯಾರೂ ಮುಟ್ಟಬಾರದು. ಇಳಿಯುವುದು ಬಸ್‌ಸ್ಟ್ಯಾಂಡಿನಲ್ಲೇ, ಅಲ್ಲಿಂದ ಕೋಟೆ ಬೀದಿಯವರೆಗೆ ನಾನೇ ನೂಕಿಕೊಂಡು ಬರುತ್ತೇನೆ. ನೀನು ನನ್ನ ಪಕ್ಕ ನಡೆಯುವಂತಿಲ್ಲ. ಇನ್ನೊಂದು ಹಲಗೆ ಮೇಲೆ ಕೂತು ಹಿಂದೆ ಬರಬೇಕು.

ನನ್ನ ಹಳೇ ಕೈತುಂಡು ಪೆಟ್ಟಿಗೆಯಿಂದ ತೆಗೆ. ಅವು ನಿನಗೆ.

ಕದಿರಯ್ಯ

*

ಶಿರಾ
9-12-1964

ಲೇ ಕದಿರಯ್ಯ,

ಶುಕ್ರವಾರ ನಡೆದದ್ದು ನಿನಗೆ ಗೊತ್ತು. ಆದರೆ ನೀನು ಮುಂದೆ ಇದ್ದೆ, ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ. ನಿನ್ನ ಬೆನ್ನ ಹಿಂದೆ ಆದದ್ದನ್ನು ಹೇಳ್ತೀನಿ.

ಬಸ್‌ಸ್ಟ್ಯಾಂಡಲ್ಲಿ ನೀನು ಪಟ್ಟಿ ಬಿಗಿದುಕೊಂಡು ಹೊರಟ ಕೂಡಲೇ ಒಬ್ಬ ಹೆಂಗಸು ಓಡಿಬಂದು ನಿನ್ನ ಮಡಿಲಿಗೆ ಕಾಸು ಹಾಕಿದಳು. ನಾನು ಎದ್ದು ಓಡಿಬರೋಣ ಅಂದರೆ ನಿನ್ನ ಕರಾರು. ನೀನು ಕಾಸನ್ನು ಎತ್ತಿ ಅವಳ ಕೈಗೇ ಕೊಟ್ಟು ಅಂದೆ: "ತಾಯಿ, ಅಂಗ್ಡಿ ಕೋಟೆ ಬೀದಿಯಾಗೈತೆ. ಬನ್ನಿ, ಕೂತ್ಕೊಂಡು ಹೋಗಿ." ಆ ಮಾತು ಬೋರ್ಡಿಗೆ ಬರೆಸಿದವನು ನಾನು, ಕದಿರಯ್ಯ. ಅದರ ಅರ್ಥ ನನಗೆ ಆವಾಗ ಆಯಿತು.

ಕೋಟೆ ಬೀದಿಯಲ್ಲಿ ನಮಾಜು ಮುಗಿಸಿ ಬಂದವರೆಲ್ಲ ಎರಡೂ ಕಡೆ ನಿಂತಿದ್ದರು. ನೀನು ಇಳಿಜಾರಿಗೆ ಬಿಟ್ಟುಕೊಂಡೆ. ಕೈತುಂಡು ಎರಡೂ ಮೇಲೆತ್ತಿ, ರುಮಾಲು ಹಾರಿಸಿಕೊಂಡು, ಗರ್ರನೆ. ನವಾಬನ ಸವಾರಿಗೂ ಅಷ್ಟು ಸದ್ದಾಗಿರಲಿಕ್ಕಿಲ್ಲ. ನಿನ್ನ ಹಿಂದೆ ನಾನೂ ಬಿಟ್ಟುಕೊಂಡೆ. ತಿರುವಿನ ಹತ್ತಿರ ಲಕ್ಷ್ಮಯ್ಯ ತನ್ನ ಮೂಟೆ ಜೋಡಿಸಿಟ್ಟುಕೊಂಡು ಕೋಣೆಗಾಗಿ ಕಾಯುತ್ತಿದ್ದನಲ್ಲ, ನೇರವಾಗಿ ಅವುಗಳ ಮೇಲೆ ಹೋದೆ. ಮೂಟೆ ಬಿಚ್ಚಿ ಬೀದಿ ತುಂಬ ಕಡಲೆಕಾಯಿ. ಲಕ್ಷ್ಮಯ್ಯ "ಅಯ್ಯೋ ನನ್ ಮಾಲು" ಅಂದ. ನಾನು "ಅಯ್ಯೋ ನನ್ ಮಣಿಕಟ್ಟು" ಅಂದೆ. ಎರಡೂ ಒಡೆದಿದ್ದವು.

ನೀನು ಹೊರಡುವಾಗ ನಾನು ಎಡಗೈ ಶಾಲೊಳಗೆ ಇಟ್ಟುಕೊಂಡು, ಚಳಿ ಅಂದೆನಲ್ಲ, ಅದು ಚಳಿಯಲ್ಲ. ನೀನು ನಾಯಿ ಸಾಕಿದ್ದೆ, ನಾನು ಚಳಿ ಸಾಕಿದೆ. ಲೆಕ್ಕ ಸರಿಹೋಯಿತು.

ಜೈನಾಬಿ ಆಪಾ ನನ್ನನ್ನು ಎಬ್ಬಿಸೋಕೂ ಬರಲಿಲ್ಲ. ನಿಂತಲ್ಲಿಂದಲೇ ಬೀದಿಗೆಲ್ಲ ಕೇಳೋ ಹಾಗೆ ಅಂದಳು: "ಮಾಡ್ದೋನು ಕೂತ, ಬೀಳ್ಲಿಲ್ಲ. ಮಾರೋನು ಕೂತ, ಬಿದ್ದ. ಹಲಗೇದು ಏನೂ ತಪ್ಪಿಲ್ಲ ಬುಡ್ರಪ್ಪ." ಬೀಗದ ಕೈ ಕೊಟ್ಟಿದ್ದು ಆಮೇಲೆ.

ಅಂಗಡಿ ನಡೀತಿದೆ. ಬೀದಿ ಗರ್ರ್ ಅನ್ನುತ್ತೆ. ನಮಾಜಿನ ಹೊತ್ತಿಗೆ ಹಲಗೆ ಹೊರಗೆ ಬಿಡಲ್ಲ ಅಂತ ಮಾತು ಕೊಟ್ಟಿದ್ದೀನಿ. ಮನೆಯಲ್ಲಿ ಕೂತ್ಕಳಿ ಅನ್ನೋದು ನಿಂತಿದೆ. ಈಗ "ಎಲ್ಲಿ ಹಾಳಾಗೋದ್ರು" ಅಂತಾರೆ.

ಇನ್ನೊಂದು ಮಾತಿದೆ. ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಆ ಬಸ್‌ಸ್ಟ್ಯಾಂಡಿನವನು ಮುಂದೆ ಕೂತಿದ್ದ. ಅಷ್ಟು ದೂರ ನೂಕಿಕೊಂಡು ಬಂದಿದ್ದ. ಅವನ ಹಲಗೆಯ ಒಂದು ಬೇರಿಂಗು ಒಡೆದು, ಮೂರರ ಮೇಲೆ ಕುಂಟುತ್ತಿತ್ತು. "ನಿನ್ನೆ ಕೈಯೆತ್ಕೊಂಡು ಇಳಿದ್ರಲ್ಲ, ಅವ್ರು ಮಾಡಿದಂಥದ್ದು ನಂಗೂ ಒಂದು ಬೇಕು" ಅಂದ. ಹೆಸರು ಗಂಗಯ್ಯ. ನಾನು ಲಾರಿ ನಿಲ್ಲಿಸಿ ಚಾ ಕುಡೀತಿದ್ದ ಜಾಗದಲ್ಲೇ ಅವನು ಇಷ್ಟು ವರ್ಷ ಕೂತಿದ್ದಾನೆ. ಹೆಸರು ಕೇಳಿದ್ದು ಮೊನ್ನೆ. ಒಳಗೆ ಕರೆದು ಚಾ ಕೊಟ್ಟೆ. ತಮಾಷೆ ಮಾಡೋಕೆ ಒಂದು ಮಾತೂ ಹೊಳೆಯಲಿಲ್ಲ. ಅವನೇ ನನ್ನ ಕೈ ಪಟ್ಟಿ ನೋಡಿ, "ಮೊದಮೊದ್ಲು ಹಂಗೇ ಸ್ವಾಮಿ, ರೂಢಿ ಆಯ್ತದೆ" ಅಂದ.

ಅವನ ಅಳತೆಗೆ ದಾರ ಕತ್ತರಿಸಿ ಇದರೊಳಗೆ ಇಟ್ಟಿದ್ದೀನಿ. ಪೂರ್ತಿ ದಾರ ಉದ್ದಕ್ಕೆ, ಗಂಟಿನವರೆಗೆ ಅಗಲಕ್ಕೆ.

ಬಾಷಾ

*

ವೈ.ಎನ್.ಹೊಸಕೋಟೆ
21-12-1964

ಲೇ ಬಾಷಾ,

ಈ ಕಾಗದಕ್ಕೆ ಸ್ಟ್ಯಾಂಪು ಹಚ್ಚಿಲ್ಲ. ಒಂದು ಸಲ ನೀನೂ ಕಟ್ಟು.

ಗಂಗಯ್ಯನ ಹಲಗೆ ನಿಯಾಜ್ ಕೈಯಲ್ಲಿ ಕಳಿಸಿದ್ದೇನೆ. ಈ ಸಲ ಅವನು ಒಳಗೆ ಬಂದು, ಊಟ ಮಾಡಿ, ನಾಯಿ ಎಲ್ಲಿ ಅಂತ ಕೇಳಿದ. ರಾಮಾಂಜಿನಮ್ಮ ನನ್ನನ್ನು ತೋರಿಸಿದಳು.

ಅಂಚು ಸ್ವಲ್ಪ ಎತ್ತರಿಸಿದ್ದೇನೆ, ದಿನವೆಲ್ಲ ಕೂತರೆ ತೊಡೆ ಒತ್ತದ ಹಾಗೆ. ಕೈತುಂಡಿಗೆ ಅಡಿಯಲ್ಲಿ ಟೈರಿನ ಚೂರು ಹೊಡೆದಿದ್ದೇನೆ, ಜಾರುವುದಿಲ್ಲ.

ಅಡಿಯೆಲ್ಲ ಗೀಚಿದೆ ಅಂತ ಅವನು ಬೇಜಾರು ಮಾಡಿಕೊಂಡರೆ ಹೇಳು. ಇದು ಹಿತ್ತಿಲಿನ ಗೀಚಲ್ಲ. ಮೊದಲು ನಾನೇ ಕೂತು, ಬೀದಿಗಿಳಿದು, ಕೆರೆ ಏರಿ ಮೇಲೆ ಆ ತುದಿಯವರೆಗೆ ಹೋಗಿ ಬಂದೆ.

ಕದಿರಯ್ಯ